ಬೆಳಕೆಯಲ್ಲಿ ನನ್ನನ್ನು ಹುಟ್ಟಿಸಿದ ದಿನ

“ಹಾಗಾದ್ರೆ ನೀವು ಫಾರಿನ್ನರಲ್ವಾ?” ಎಂದು ಹೊನ್ನಾವರದ ಕಾಲೇಜಿನ ಆಫೀಸಿನಲ್ಲಿ ಕೂತಿದ್ದ ಮೇಡಂ ಕೇಳಿದಾಗ ನಾನು ಹಿಂದೆ ತಿರುಗಿ ನೋಡಿದೆ. ನನ್ನ ಬೆನ್ನಿಗೆ ದುಬೈಯಿಂದ ಬಂದವರು ಯಾರೋ ನಿಂತಿರಬೇಕು ಅಂದುಕೊಂಡೆ. ಭಟ್ಕಳದ ಕಡೆಯವರಿಗೆ ಫಾರಿನ್ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಸೆಂಟಿನ ಪರಿಮಳ, ದಪ್ಪ ಕಂಬಳಿ, ಡಬ್ಬಿ ತುಂಬ ಖರ್ಜೂರ. ನನ್ನ ಕೈಯಲ್ಲೋ, ಬೆಳಿಗ್ಗೆ ಬಿಸಿಲಿಗೆ ಹರವಿ ಬಂದ ತಾರ್ಲೆ ಮೀನಿನ ವಾಸನೆ ಸೋಪು ಹಾಕಿ ತಿಕ್ಕಿದರೂ ಹೋಗಿರಲಿಲ್ಲ. ಹಿಂದೆ ಯಾರೂ ಇರಲಿಲ್ಲ. ಮೇಡಂ ಕೇಳಿದ್ದು ನನ್ನನ್ನೇ.

ಅವರ ಕೈಯಲ್ಲಿದ್ದದ್ದು ನನ್ನ ಅಪ್ಪನ ‘ನಾಗರಿಕತಾ’. ನೇಪಾಳದಲ್ಲಿ ಜಿಲ್ಲಾ ಕಚೇರಿಯವರು ಕೊಡುವ ಪೌರತ್ವದ ಕಾಗದಕ್ಕೆ ಹಾಗೆನ್ನುತ್ತಾರೆ. ಅರ್ಜಿಯಲ್ಲಿ ನನ್ನ ಜನನದ ದಾಖಲೆ ಕೇಳಿದ್ದರು. ಅದಿರಲಿಲ್ಲವಾದ್ದರಿಂದ ಅಪ್ಪನದ್ದೇ ಆಗಬಹುದೆಂದು ತಂದಿದ್ದೆ. ಉಳಿದಂತೆ ನನ್ನ ಹತ್ತಿರ ಬೆಳಕೆಯ ಶಾಲೆಯ ಟಿಸಿ, ಭಟ್ಕಳದ ಪಿಯು ಅಂಕಪಟ್ಟಿ, ಒಂದು ಆಧಾರ್ ಕಾರ್ಡು ಇದ್ದವು. ಆಧಾರ್ ಇದ್ದರೆ ಎಲ್ಲ ಇದ್ದಹಾಗೆ ಎಂದು ನಮ್ಮ ಕೇರಿಯವರೆಲ್ಲ ನಂಬಿದ್ದರು, ನಾನೂ ನಂಬಿದ್ದೆ. ಅದು ನೀವು ಇಲ್ಲಿ ವಾಸವಿದ್ದೀರಿ ಎಂದಷ್ಟೇ ಹೇಳುತ್ತದೆ, ಇಲ್ಲಿಯವರು ಎಂದು ಹೇಳುವುದಿಲ್ಲ ಎಂದು ಮೇಡಂ ಬಿಡಿಸಿ ತಿಳಿಸಿದರು.

“ಎರಡು ದಾರಿ ಉಂಟು ನೋಡಿ. ನಿಮ್ಮದೇ ಹೆಸರಲ್ಲಿ ನೇಪಾಳದ ಕಾಗದ ತಂದ್ರೆ ವಿದೇಶಿ ವಿದ್ಯಾರ್ಥಿ ಅಂತ ಯೂನಿವರ್ಸಿಟಿಗೆ ಬರೀತೇವೆ. ಈ ವರ್ಷಕ್ಕೆ ಅದು ಆಗ್ಲಿಕ್ಕಿಲ್ಲ. ಅಥವಾ ನೀವು ಇಲ್ಲೇ ಹುಟ್ಟಿದ್ದು, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಇಲ್ಲಿಯವರು ಅಂತ ತಾಲೂಕು ಆಫೀಸಿಂದ ಏನಾದ್ರೂ ತನ್ನಿ. ಈ ವಾರದೊಳಗೇ ಸೀಟು ಆಗ್ತದೆ.”

ಹೊರಗೆ ಜಗಲಿಯಲ್ಲಿ ಅಪ್ಪ ನಿಂತಿದ್ದ. ಕಾವಲು ಕೆಲಸದವನ ರೂಢಿ, ಒಳಗೆ ಹೋಗುವ ಬರುವ ಹುಡುಗ ಹುಡುಗಿಯರಿಗೆಲ್ಲ ಸಲಾಂ ಹೊಡೆಯುತ್ತಿದ್ದ. ಕೆಲವರು ನಕ್ಕರು, ಒಬ್ಬ ತಿರುಗಿ ಸಲಾಂ ಹೊಡೆದ. ಬಸ್‌ಸ್ಟ್ಯಾಂಡಿನವರೆಗೂ ನಾನು ಅಪ್ಪನಿಗಿಂತ ಮುಂದೆ ಮುಂದೆ ನಡೆದೆ.

ನಾನು ಬೆಳಕೆಗೆ ಬಂದಾಗ ನನಗೆ ನಾಲ್ಕು ವರ್ಷವಂತೆ. ಅಪ್ಪನಿಗೆ ಐಸ್ ಪ್ಲಾಂಟಿನಲ್ಲಿ ಕಾವಲು, ಅಮ್ಮನಿಗೆ ಅಲ್ಲೇ ಮೀನು ಆರಿಸುವ ಕೆಲಸ, ಇರುವುದಕ್ಕೆ ಪ್ಲಾಂಟಿನ ಗೋಡೆಗೆ ಅಂಟಿದ ಒಂದು ಕೋಣೆ. ಬೆಟ್ಟದ ಮೇಲಿಂದ ಬಂದ ನನಗೆ ಸಮುದ್ರದ ಸದ್ದು ಮೊದಲು ಲಾರಿಯ ಸದ್ದಿನ ಹಾಗೆ ಕೇಳಿತ್ತು. ಬರುತ್ತಲೇ ಇದೆ, ಬಂದು ಮುಟ್ಟುತ್ತಿಲ್ಲ ಎಂದು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆನಂತೆ. ಅಮ್ಮನಿಗೆ ಇಲ್ಲಿಯ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಲೆಗೂದಲಿಗೆಲ್ಲ ಮೀನಿನ ವಾಸನೆ ಹತ್ತಿತೆಂದು ಅಳುತ್ತಿದ್ದಳು. ನಾನು ಅಳಲಿಲ್ಲ. ನನಗೆ ಎದುರಿನ ಅಂಗಳದ ಮಾಸ್ತಮ್ಮಜ್ಜಿ ಸಿಕ್ಕಿದ್ದಳು.

ಮಾಸ್ತಮ್ಮಜ್ಜಿ ಮೀನು ಒಣಗಿಸಿ ಮಾರುವವಳು. ಗಂಡ ತೀರಿಕೊಂಡಿದ್ದ, ಇದ್ದೊಬ್ಬ ಮಗಳು ನಾಗವೇಣಿ ಮದುವೆಗೆ ಮೊದಲೇ ಜ್ವರ ಬಂದು ಹೋಗಿದ್ದಳು. ಅಮ್ಮ ಕೆಲಸಕ್ಕೆ ಹೋದಾಗ ನಾನು ಅಜ್ಜಿಯ ಅಂಗಳದಲ್ಲಿ ಕಾಗೆ ಓಡಿಸುತ್ತಿದ್ದೆ. ಕಾಗೆ ಓಡಿಸುತ್ತ, ಅಜ್ಜಿ ಮತ್ತು ಅವಳ ಓರಗೆಯ ಮುದುಕಿಯರು ಬುಟ್ಟಿ ಇಳಿಸಿ ಆಡುವ ಮಾತು ಕೇಳುತ್ತ ಕನ್ನಡ ಕಲಿತೆ. ಶಾಲೆಯಲ್ಲಿ ನಾನು ಬಾಯಿ ಬಿಟ್ಟರೆ ಮಕ್ಕಳು “ಮುದುಕಿ ಬಂತು” ಎನ್ನುತ್ತಿದ್ದರು. ಕನ್ನಡದ ಮಾಸ್ತರರು ಮಾತ್ರ ನನ್ನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. “ಇವೆಲ್ಲ ನನ್ನ ಅಜ್ಜಿಯ ಜೊತೆಗೇ ಹೋದ ಮಾತುಗಳು ಮಾರಾಯ್ತಿ, ನಿನ್ನ ಬಾಯಲ್ಲಿ ಹೇಗೆ ಉಳಿದವು?” ಎನ್ನುವರು. ಡಿಗ್ರಿಗೆ ಕನ್ನಡವನ್ನೇ ತೆಗೆದುಕೊಳ್ಳಬೇಕು, ಅವರ ಹಾಗೆ ಕಲಿಸಬೇಕು ಎಂದು ನಾನು ಅಂದುಕೊಂಡದ್ದು ಆಗಲೇ. ದೂರದೂರಿಗೆ ಹೋದವರು ತಮ್ಮೂರಿನವರಿಗೆ ಅಲ್ಲಿಯ ಸುದ್ದಿ ಬರೆಯುತ್ತಾರೆ. ನಾನು ಹಾಗೆ ಬರೆಯಹೊರಟರೆ, ಬಂದು ಸೇರಿದ ಊರೂ ಇದೇ, ಬರೆಯಬೇಕಾದ ಊರೂ ಇದೇ.

ಕಾಲೇಜಿನಿಂದ ಬಂದವಳು ಅಜ್ಜಿಯ ಅಂಗಳದಲ್ಲೇ ಕೂತೆ.

“ಎಂತ ಅಂದ್ರು?”

“ನಾ ಹೊರಗಿನವಳಂತೆ ಅಜ್ಜಿ.”

“ಯಾವ ಹೊರಗೆ? ಈ ಅಂಗಳ ಬಿಟ್ಟು ನೀ ಹೊರಗೆ ಹೋದದ್ದೇ ಶಾಲೆಗೆ.”

ಎಲ್ಲವನ್ನೂ ಹೇಳಿದೆ. ಅಜ್ಜಿ ಮೀನು ಮಗುಚಿ ಹಾಕುತ್ತ ಕೇಳಿದಳು. ಕೊನೆಗೆ, “ಇಲ್ಲಿ ಹುಟ್ಟಿರ್ಕು, ಇಲ್ಲಿಯವಳೊಬ್ಬಳು ಹೆತ್ತಿರ್ಕು. ಅಷ್ಟೇ ಅಲ್ದಾ? ನಾ ನೋಡ್ಕಂತೆ. ನೀ ಬಾಯಿ ಮುಚ್ಕಂಡು ನಿಂತ್ಕ,” ಎಂದಳು. ಏನು ನೋಡಿಕೊಳ್ಳುತ್ತಾಳೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನಬೇಕಾದೀತು ಎಂದು ಒಳಗೆ ಗೊತ್ತಿತ್ತು.

ತಾಲೂಕು ಆಫೀಸಿಗೆ ಅರ್ಜಿ ಹೋಯಿತು. ಅಂಥ ಅರ್ಜಿ ಹೋದರೆ ಗ್ರಾಮದ ಅಧಿಕಾರಿ ಮನೆಯ ಹತ್ತಿರ ಬಂದು, ನೆರೆಯವರನ್ನು ಕೂಡಿಸಿ, ಅವರು ಹೇಳಿದ್ದನ್ನು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಅದಕ್ಕೆ ಮಹಜರು ಎನ್ನುತ್ತಾರೆ. ನಮ್ಮವರ ಬಾಯಲ್ಲಿ ಆ ಅಧಿಕಾರಿ ಈಗಲೂ ಶಾನಭೋಗರು. ಬಂದವರು ಹಾವೇರಿ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ನಮ್ಮವರ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ನಡುನಡುವೆ ನಾನೇ ತಿಳಿಸಿ ಹೇಳಬೇಕಾಯಿತು. ನನಗೆ ಕನ್ನಡ ಬರುತ್ತದೆ ಎಂಬುದು ಆ ದಿನ ಸರಕಾರದ ಕೆಲಸಕ್ಕೆ ಬಂದದ್ದು ಹಾಗೆ.

ಅಜ್ಜಿ ಚಾಪೆ ಹಾಸಿದ್ದಳು. ಕೇರಿಯ ಅರ್ಧ ಜನ ಬಂದಿದ್ದರು. ಅಪ್ಪನಿಗೆ ಪ್ಲಾಂಟಿನಿಂದ ಹೊರಗೆ ಬರಬೇಡ ಎಂದು ತಿಮ್ಮಪ್ಪಣ್ಣ ಮೊದಲೇ ಹೇಳಿಟ್ಟಿದ್ದ. ತಿಮ್ಮಪ್ಪಣ್ಣನಿಗೆ ಒಂದು ಬೋಟು, ಒಂದು ಟೆಂಪೊ, ಎಲ್ಲದರಲ್ಲೂ ಒಂದು ಮಾತು. ಶಾನಭೋಗರು ಪೆನ್ನು ತೆಗೆದು, “ಈ ಹುಡುಗಿ ಎಲ್ಲಿ ಹುಟ್ಟಿದ್ಲು, ಯಾರರ ಕಂಡವರು ಅದೀರೇನು?” ಎಂದರು.

“ಕಂಡವರು ಅಂತ ಕೇಳ್ತ್ರಲ್ಲ ಒಡ್ಯಾ, ನೀರು ಕಾಸಿದವಳೇ ನಾನು,” ಎಂದಳು ಪಕ್ಕದ ಮನೆಯ ಗಿರಿಜಕ್ಕ. “ಇದೇ ಮನೆ, ಒಳಗಿನ ಕೋಣೆ. ಹೊರಗೆ ಮಳೆ ಅಂದ್ರೆ ಮಳೆ. ಮಾಡು ಸೋರಿ ಬಾಣಂತಿ ಮೇಲೆ ಕೊಡೆ ಹಿಡ್ಕಂಡಿದ್ದೆ.”

ಅವರು ಬರೆದುಕೊಳ್ಳುತ್ತಿದ್ದರು. ತಿಮ್ಮಪ್ಪಣ್ಣನಿಗೆ ತನ್ನ ಪಾಲು ಇಲ್ಲದೆ ಹೋದೀತು ಅನ್ನಿಸಿರಬೇಕು.

“ನೀರು ಕಾಸಿದ್ದು ಹೌದು. ಆದ್ರೆ ಹೆರಿಗೆ ಆದದ್ದು ಭಟ್ಕಳದ ಆಸ್ಪತ್ರೆಲಿ. ನನ್ನ ಟೆಂಪೊದಲ್ಲೇ ಕರ್ಕಂಡು ಹೋದದ್ದು.”

“ಎಲ್ಲಿ ಹೋದ್ಯೋ ನೀನು?” ಗಿರಿಜಕ್ಕ ಸೆರಗು ಸಿಕ್ಕಿಸಿದಳು. “ನಿನ್ನ ಟೆಂಪೊ ಆ ಮಳೆಗಾಲ ಪೂರ್ತಿ ಕೆಟ್ಟು ನಿಂತಿತ್ತು.”

“ಕೆಟ್ಟದ್ದು ಅದರ ಮುಂದಿನ ವರ್ಷ.”

“ಅಲ್ರಿ, ಒಂದು ಕೂಸು ಎರಡು ಕಡೆ ಹುಟ್ಟೇತೇನು?” ಎಂದರು ಶಾನಭೋಗರು.

“ನೋವು ಸುರುವಾದದ್ದು ಇಲ್ಲಿ, ಹುಟ್ಟಿದ್ದು ಅಲ್ಲಿ. ಎರಡೂ ಬರ್ಕಳಿ, ಎಂತ ಆತು?” ಎಂದ ತಿಮ್ಮಪ್ಪಣ್ಣ.

ಎಲ್ಲರೂ ನಕ್ಕರು. ಶಾನಭೋಗರೂ ನಕ್ಕರು. ನಾನೂ ನಕ್ಕೆ. ನನ್ನ ಹುಟ್ಟನ್ನು ನನ್ನ ಕಣ್ಣೆದುರಿಗೇ ಹತ್ತು ಬಾಯಿ ಸೇರಿ ಕಟ್ಟುತ್ತಿದ್ದವು. ನಾನು ಹುಟ್ಟಿದಾಗ ನನ್ನ ಬಣ್ಣ ಹೇಗಿತ್ತು, ಎಷ್ಟು ಹೊತ್ತು ಅತ್ತೆ, ಮೊದಲು ಎತ್ತಿಕೊಂಡವರು ಯಾರು, ಎಲ್ಲ ಬಂತು. ಕೇಳುತ್ತ ಕೇಳುತ್ತ ಅದು ನಿಜವೇ ಇರಬಹುದು ಎನ್ನಿಸುವಷ್ಟು ಹಿತವಾಗಿತ್ತು.

“ಆತ್ರಿ. ಹೆತ್ತ ತಾಯಿ ಹೆಸರು?”

“ನಾಗವೇಣಿ. ನನ್ನ ಮಗಳು. ಈಗ ಇಲ್ಲ,” ಎಂದಳು ಅಜ್ಜಿ.

“ನಾಗವೇಣಿ ಗಂಡ?”

ನಗು ನಿಂತಿತು. ಮಳೆ, ಟೆಂಪೊ, ಕೊಡೆ ಎಲ್ಲ ಹೊಂದಿಸಿದವರಿಗೆ ಒಬ್ಬ ಗಂಡ ಬೇಕಾಗುತ್ತಾನೆ ಎಂದು ಹೊಳೆದೇ ಇರಲಿಲ್ಲ. ತಿಮ್ಮಪ್ಪಣ್ಣ ಏನೋ ಹೇಳಲು ಬಾಯಿ ತೆರೆದ, ಹೆಸರು ಸಿಗದೆ ಮುಚ್ಚಿಕೊಂಡ. ನಾಗವೇಣಿಗೆ ಮದುವೆಯಾಗಿರಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಅವಳು ಹೇಗೆ ತಲೆ ತಗ್ಗಿಸಿ ನಡೆಯುತ್ತಿದ್ದಳು ಎಂದು ಅವರೇ ನನಗೆ ಹೇಳುತ್ತಿದ್ದರು.

ಅಜ್ಜಿ ಶಾನಭೋಗರ ಪೆನ್ನನ್ನೇ ನೋಡುತ್ತ ಹೇಳಿದಳು.

“ಮದುವೆ ಆಗಿರ್ಲಿಲ್ಲ ಒಡ್ಯಾ. ಆದ್ರೂ ಹೆತ್ತಳು. ಹಂಗೇ ಬರ್ಕಳಿ.”

ಗಿರಿಜಕ್ಕ ಮುಖ ತಿರುಗಿಸಿದಳು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ಕಣ್ಣು ಆ ಹಾಳೆಯ ಮೇಲಿತ್ತು, ಇನ್ನೊಂದು ಸಾಲು ತುಂಬಿದರೆ ಸೀಟು ಆಯಿತು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಆ ಹೊತ್ತಿಗೆ ಅಜ್ಜಿಯ ಒಳಮನೆಯಿಂದ ಅಮ್ಮ ಚಹಾ ತಂದಳು. ಕೇರಿಯ ಯಾರ ಮನೆಗೆ ಯಾರು ಬಂದರೂ ಚಹಾಕ್ಕೆ ಅಮ್ಮ ಒದಗುತ್ತಿದ್ದಳು, ಆ ದಿನ ಒಳಗಿರು ಎಂದು ಅವಳಿಗೆ ಹೇಳುವುದನ್ನು ಎಲ್ಲರೂ ಮರೆತಿದ್ದರು. ಶಾನಭೋಗರು ಲೋಟ ತೆಗೆದುಕೊಳ್ಳದೆ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಅದೇ ಮೂಗು, ಅದೇ ಕಣ್ಣು.

“ಇವರು ಯಾರ್ರಿ?”

ಯಾರೂ ಉತ್ತರ ಕೊಡುವ ಮೊದಲೇ ಅಮ್ಮ ತನ್ನ ಹರಕುಮುರುಕು ಕನ್ನಡದಲ್ಲಿ ಅಂದಳು:

“ನಾನು ಕೆಲಸಕ್ಕೆ ಬಂದದ್ದು ಸಾರ್. ಐಸ್ ಪ್ಲಾಂಟಿಗೆ. ಇವರು ಬೇರೆ, ನಾನು ಬೇರೆ.”

ಹೇಳಿ ಅವಸರದಲ್ಲಿ ಹಿಂದೆ ಸರಿಯುವಾಗ ಬಿಸಿ ಚಹಾ ಮಣಿಕಟ್ಟಿನ ಮೇಲೆ ಚೆಲ್ಲಿತು. “ಆಮಾ,” ಎಂದು ಕೂಗಿ ಓಡಿದವಳು ನಾನು. ಅವಳ ಕೈ ಹಿಡಿದು ಊದುತ್ತ ನಿಂತ ಮೇಲೆ ನಾನೇನು ಕೂಗಿದೆ ಎಂಬುದು ನನಗೆ ಅರಿವಾಯಿತು.

“ಇವರು ನಿಮ್ಮ ತಾಯಿ ಏನು?” ಎಂದು ಶಾನಭೋಗರು ಮೆಲ್ಲಗೆ ಕೇಳಿದರು.

“ಹೌದು ಸರ್.”

ಅವರು ಆ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. “ನಾ ಇಲ್ಲಿಗೆ ಬಂದಿಲ್ಲ, ನೀವು ಹೇಳಿಲ್ಲ. ಎದ್ದು ಮನೀಗೆ ಹೋಗ್ರಿ,” ಎಂದು ಎಲ್ಲರಿಗೂ ಹೇಳಿ, ನನ್ನ ಕಡೆ ತಿರುಗಿ, “ಖರೇ ಹೇಳಿದ್ದು ಚಲೋ ಆತು ನೋಡವಾ,” ಎಂದರು. ಇಂದಿಗೂ ನನ್ನನ್ನು ಸುಡುವುದು ಆ ಹೊಗಳಿಕೆ. ಚಹಾ ಚೆಲ್ಲದಿದ್ದರೆ ನಾನು ಹೇಳುತ್ತಿರಲಿಲ್ಲ. ಹೆತ್ತವಳನ್ನು ಕೆಲಸದವಳು ಮಾಡಿ, ಸತ್ತವಳ ಹೆಸರಿಗೆ ಮಸಿ ಬಳಿಸಿ, ಸಹಿಯಾದ ಹಾಳೆ ಹಿಡಿದು ಹೊನ್ನಾವರದ ಬಸ್ಸು ಹತ್ತುತ್ತಿದ್ದೆ. ನನ್ನಿಂದಾಗಿ ಹತ್ತು ಜನ ಸುಳ್ಳರಾದರು, ನಾನೊಬ್ಬಳು ಸತ್ಯವಂತೆಯಾದೆ.

ಅಜ್ಜಿ ಚಾಪೆ ಸುತ್ತಿ ಒಳಗಿಟ್ಟಳು. ನನ್ನನ್ನು ಬಯ್ಯಲಿಲ್ಲ. ಗಿರಿಜಕ್ಕನ ಹತ್ತಿರ ಅವಳು ಆಡಿದ್ದು ಬೇಲಿಯಾಚೆ ನನಗೆ ಕೇಳಿತು: “ಸತ್ತವಳಿಗೆ ಇಲ್ಲದ್ದು ಅಂಟ್ಸಿದೆ. ಅದೂ ಉಪಯೋಗಕ್ಕೆ ಬರ್ಲಿಲ್ಲ.”

ಆ ವರ್ಷ ಸೀಟು ತಪ್ಪಿತು. ಮಳೆಗಾಲ ಮುಗಿದ ಮೇಲೆ ಅಪ್ಪ ನನ್ನನ್ನು ನೇಪಾಳಕ್ಕೆ ಕರೆದುಕೊಂಡು ಹೋದ. ಮುಂಬಯಿಗೊಂದು ರೈಲು, ಅಲ್ಲಿಂದ ಗೋರಖಪುರಕ್ಕೊಂದು, ಆಮೇಲೆ ಬಸ್ಸು, ಕೊನೆಗೆ ಕಾಲುನಡಿಗೆ. ಅಪ್ಪನ ಅಣ್ಣ ಅಂಗಳದಲ್ಲಿ ಕಾಯುತ್ತಿದ್ದ. ಅಂಥವನನ್ನು ಅಲ್ಲಿ ‘ಠೂಲೋಬಾ’ ಎನ್ನುತ್ತಾರೆ, ನಮ್ಮ ದೊಡ್ಡಪ್ಪ. ನಮ್ಮ ಹೆಸರಲ್ಲಿ ‘ಢಿಂಡೊ’ ಮಾಡಿದ್ದರು. ರಾಗಿ ಮುದ್ದೆಯ ತಂಗಿ ಎನ್ನಬಹುದಾದ ಅದನ್ನು ಎಲ್ಲರೂ ಸಂತೋಷದಿಂದ ತಿನ್ನುತ್ತಿದ್ದರೆ ನನಗೆ ಒಂದು ತುಂಡು ಸುಟ್ಟ ಒಣ ಬಂಗಡೆ ಸಿಕ್ಕಿದ್ದರೆ ಎನ್ನಿಸಿತು. ದೊಡ್ಡಪ್ಪನ ಮಕ್ಕಳು ನನ್ನನ್ನು ಕರೆದದ್ದು ‘ಇಂಡಿಯನ್’ ಎಂದು. ಬೆಳಕೆಯಲ್ಲಿ ಯಾರಾದರೂ ಆ ಮಾತು ಬರೆದುಕೊಟ್ಟಿದ್ದರೆ ಸಾಕಿತ್ತು. ಸಮುದ್ರದ ಸದ್ದಿಲ್ಲದ ಊರಿನಲ್ಲಿ ನನಗೆ ನಿದ್ದೆಯೂ ಬರಲಿಲ್ಲ.

ನಾಗರಿಕತಾ ಕೊಡುವ ಕಚೇರಿಯಲ್ಲಿ ಅಧಿಕಾರಿ ಕೇಳಿದ ಪ್ರಶ್ನೆ ನನಗೆ ತಿಳಿಯಲಿಲ್ಲ. ನನ್ನದು ಅಮ್ಮನಿಂದ ಕಲಿತ ಒಲೆಯ ಮುಂದಿನ ನೇಪಾಳಿ. ಹಸಿವು, ನೀರು, ಬಾ, ಹೋಗು ಇಷ್ಟರಲ್ಲಿ ಮುಗಿಯುತ್ತದೆ. ಅವರು ಮೂರನೆಯ ಸಲ ಕೇಳಿದಾಗ ನನ್ನ ಬಾಯಿಂದ ಬಂದದ್ದು “ಎಂತ?” ಎಂದು. ಅಪ್ಪ ಎಲ್ಲರಿಗೂ ಸಲಾಂ ಹೊಡೆಯುತ್ತ ನಿಂತಿದ್ದ. ಅಲ್ಲಿಯೂ ಕುಟುಂಬದವರೊಬ್ಬರು ಬಂದು, ಇವಳು ನಮ್ಮವಳೇ ಎಂದು ಹೇಳಬೇಕು. ಠೂಲೋಬಾ ಹೆಬ್ಬೆಟ್ಟು ಒತ್ತಿದ. ನಾಲ್ಕು ವರ್ಷದವಳಿದ್ದಾಗ ಕಂಡ ಮೇಲೆ ಅವನು ನನ್ನನ್ನು ನೋಡಿದ್ದೇ ಹಿಂದಿನ ದಿನ. ನಾನು ಏನು ಓದಿದ್ದೇನೆ, ಯಾವುದಕ್ಕೆ ಹೆದರುತ್ತೇನೆ ಅವನಿಗೆ ತಿಳಿಯದು. ಅವನ ಒಂದು ಹೆಬ್ಬೆಟ್ಟು ಸಾಕಾಯಿತು. ನನ್ನ ಪ್ರತಿಯೊಂದು ಜ್ವರವನ್ನೂ ಬಲ್ಲ ಕೇರಿ ಹತ್ತು ಬಾಯಿಂದ ಹೇಳಿದ್ದು ಸಾಲಲಿಲ್ಲ. ಎರಡೂ ಕಡೆಯವರು ಕಾನೂನಿನ ಪ್ರಕಾರವೇ ನಡೆದುಕೊಂಡರು, ಯಾರನ್ನೂ ದೂರುವ ಹಾಗಿಲ್ಲ.

ಮರುವರ್ಷ ಹೊನ್ನಾವರದಲ್ಲಿ ಸೀಟು ಸಿಕ್ಕಿತು. ರಾಷ್ಟ್ರೀಯತೆಯ ಜಾಗದಲ್ಲಿ ನೇಪಾಳ, ವಿಷಯದ ಜಾಗದಲ್ಲಿ ಕನ್ನಡ. ಹಾಸ್ಟೆಲಿಗೆ ಮಾತ್ರ ಒಂದು ತೊಡಕು ಉಳಿಯಿತು. ಹೊರದೇಶದ ವಿದ್ಯಾರ್ಥಿನಿಗೆ ಇಲ್ಲಿಯವರೊಬ್ಬರು ಸ್ಥಳೀಯ ಪೋಷಕರು ಬೇಕು, ಖುದ್ದಾಗಿ ಬಂದು ಸಹಿ ಮಾಡಬೇಕು. ಅಪ್ಪ ಅಮ್ಮ ಇಲ್ಲೇ ಇದ್ದರೂ ಅವರು ಇಲ್ಲಿಯವರಲ್ಲ.

ಯಾರನ್ನು ಕೇಳಬೇಕೆಂದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು. ನನಗೆ ಮುಖವಿರಲಿಲ್ಲ. ಕೊನೆಗೆ ಅಮ್ಮನೇ ಹೋದಳು. ಬೇಲಿಯ ಹತ್ತಿರ ನಿಂತು ಕೇಳಿದೆ. ಅಮ್ಮ ಎರಡು ಮಾತಾಡುವುದರೊಳಗೆ ಅಜ್ಜಿ, “ಬರ್ತೆ. ಯಾವ ಬಸ್ಸಿಗೆ?” ಎಂದಳು.

ಹೊನ್ನಾವರಕ್ಕೆ ಅಜ್ಜಿ ಮಡಚಿಟ್ಟ ಸೀರೆ ಉಟ್ಟು ಬಂದಳು. ಬಸ್ಸಿನಲ್ಲಿ ಮೀನಿನ ದರದ ವಿಷಯ ಮಾತಾಡಿದಳು, ಕಂಡಕ್ಟರನ ಹತ್ತಿರ ಚಿಲ್ಲರೆಗೆ ಜಗಳಾಡಿದಳು. ಎಲ್ಲ ಮೊದಲಿನ ಹಾಗೇ ಇದೆ ಎಂದು ನನಗೆ ಆಸೆ ಹುಟ್ಟಿತು. ಆಫೀಸಿನಲ್ಲಿ ಅದೇ ಮೇಡಂ ಇದ್ದರು. ಅಜ್ಜಿಯ ಹೆಸರು, ಊರು ಬರೆದುಕೊಂಡು, “ಈ ಹುಡುಗಿಗೂ ನಿಮಗೂ ಸಂಬಂಧ ಏನಜ್ಜಿ?” ಎಂದು ಕೇಳಿದರು.

ಅಜ್ಜಿ ಸ್ವಲ್ಪವೂ ತಡೆಯಲಿಲ್ಲ.

“ಎಂತ ಸಂಬಂಧವೂ ಇಲ್ಲ ತಂಗಿ. ನೆರೆಮನೆ.”

ಮೇಡಂ ‘ನೆರೆಮನೆಯವರು’ ಎಂದು ಬರೆದರು. ಅಜ್ಜಿ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿ, ಬೆರಳನ್ನು ತನ್ನ ಸೆರಗಿಗೇ ಒರೆಸಿಕೊಂಡಳು. ಹೊರಗೆ ಬಂದ ಮೇಲೆ, “ಸರಿಯಾಗಿ ಹೇಳಿದ್ನಲ್ಲ?” ಎಂದು ಕೇಳಿದಳು. ಚುಚ್ಚುವ ದನಿಯಲ್ಲ ಅದು. ಈ ಸಲವಾದರೂ ನನ್ನ ಕೆಲಸ ಕೆಡದಿರಲಿ ಎಂಬ ಕಾಳಜಿ.

ಈಗ ಎರಡನೆಯ ವರ್ಷ. ಮೊನ್ನೆ ಕುಮಟೆಯಲ್ಲಿ ಕಾಲೇಜುಗಳ ನಡುವೆ ಭಾಷಣ ಸ್ಪರ್ಧೆಯಿತ್ತು. ನಿರೂಪಣೆ ಮಾಡುತ್ತಿದ್ದವರು ನನ್ನ ಹೆಸರಿನ ಮುಂದೆ ‘ನೇಪಾಳದಿಂದ ಬಂದ ವಿದ್ಯಾರ್ಥಿನಿ’ ಎಂದು ಸೇರಿಸಿದರು. ನಾನು ಮಾತಾಡಿ ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. “ಎಷ್ಟು ಚಂದ ಕಲ್ತಿದ್ದಾಳೆ ನಮ್ಮ ಭಾಷೆ,” ಎಂದು ಮುಂದಿನ ಸಾಲಿನವರು ಹೇಳುವುದು ಕೇಳಿತು. ಶಾಲೆಯಲ್ಲಿ ಮುದುಕಿ ಎಂದು ನಕ್ಕಾಗ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಅವರು ನಕ್ಕದ್ದು ತಮ್ಮವಳನ್ನು ನೋಡಿ.

ಶನಿವಾರ ಬೆಳಕೆಗೆ ಹೋಗುತ್ತೇನೆ. ಅಜ್ಜಿಯ ಅಂಗಳ ದಾಟಿಯೇ ಅಮ್ಮನ ಕೋಣೆಗೆ ಹೋಗಬೇಕು. ಮೊದಲೆಲ್ಲ ಅಜ್ಜಿ ನನ್ನನ್ನು ಕಂಡ ಕೂಡಲೇ ಬಟ್ಟಲು ಇಡುತ್ತಿದ್ದಳು, ಹಸಿವಾಗಿದೆಯೇ ಎಂದು ಕೇಳುವ ಕ್ರಮವೇ ಇರಲಿಲ್ಲ. ಈಗ ಮೀನಿನಿಂದ ತಲೆಯೆತ್ತಿ, “ಬಂದ್ಯಾ? ಅಮ್ಮ ಕಾಯ್ತಿರ್ತದೆ, ಹೋಗು,” ಎನ್ನುತ್ತಾಳೆ. ನೆರೆಮನೆಯ ಹುಡುಗಿಗೆ ಯಾರಾದರೂ ಆಡುವಂಥ ಒಳ್ಳೆಯ ಮಾತು. ಅದರಲ್ಲಿ ಎಲ್ಲಿಯೂ ತಪ್ಪಿಲ್ಲ. ನಾನು ಚಪ್ಪಲಿ ಬಿಡದೆ ಅಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮುಂದೆ ಹೋಗುತ್ತೇನೆ. ಅಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ, ಊಟವಾಯಿತೇ ಎಂದು ನೇಪಾಳಿಯಲ್ಲಿ ಕೇಳುತ್ತಾಳೆ. ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ನನ್ನ ದನಿ ಆಚೆಯ ಅಂಗಳಕ್ಕೆ ಕೇಳುತ್ತದೆ. ಅದರಲ್ಲಿರುವ ಒಂದೊಂದು ಮಾತೂ ಅಲ್ಲಿಂದಲೇ ತಂದದ್ದೆಂದು ಅಲ್ಲಿ ಕೂತವಳಿಗೆ ಗೊತ್ತು.